ದೇಶದ ಉದ್ರಿ ಲೆಕ್ಕ: ವರ್ಷದೊಳಗೆ ತೀರಿಸಬೇಕಾದ ಡಾಲರ್ ಎಷ್ಟು, ದುಡಿಯುವ ಡಾಲರ್ ಎಷ್ಟು?

2025ರ ಡಿಸೆಂಬರ್‌ನಲ್ಲಿ ಡಾಲರ್ ಬೆಲೆ 90 ರೂಪಾಯಿ ದಾಟಿತು. ಆಗಿನಿಂದ ದೇಶದ ವಿದೇಶಿ ಸಾಲದ ಮಾತು ಮತ್ತೆ ಜೋರಾಗಿದೆ. ಒಟ್ಟು ಸಾಲವನ್ನು ಜನಸಂಖ್ಯೆಯಿಂದ ಭಾಗಿಸಿ, ಹುಟ್ಟುವ ಪ್ರತಿ ಮಗುವಿನ ತಲೆ ಮೇಲೂ ಇಷ್ಟು ಸಾವಿರ ರೂಪಾಯಿ ಹೊರೆ ಎಂದು ಹೆದರಿಸುವ ಸಂದೇಶಗಳು ಒಂದು ಕಡೆ. ನಮ್ಮ ಹತ್ತಿರ ಬೇಕಾದಷ್ಟು ಡಾಲರ್ ಇದೆ, ಯೋಚನೆಯೇ ಬೇಡ ಎನ್ನುವ ಹೇಳಿಕೆಗಳು ಇನ್ನೊಂದು ಕಡೆ.

ಗೊಂದಲ ಇಷ್ಟಕ್ಕೇ ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕಿನ ಪ್ರಕಟಣೆ ಓದಿದವರಿಗೂ ತಲೆ ಕೆಡುತ್ತದೆ. 2025ರ ಮಾರ್ಚ್ ಕೊನೆಗೆ ಭಾರತದ ಒಟ್ಟು ವಿದೇಶಿ ಸಾಲ 736.3 ಬಿಲಿಯನ್ ಡಾಲರ್ ಎಂದು ಅದು ಹೇಳುತ್ತದೆ. ಒಂದು ಬಿಲಿಯನ್ ಅಂದರೆ 100 ಕೋಟಿ. ಇದರಲ್ಲಿ ಅಲ್ಪಾವಧಿ ಸಾಲ ಶೇ. 18.3 ಎಂದು ಒಂದು ಕಡೆ ಬರೆದಿದೆ. ಸ್ವಲ್ಪ ಮುಂದೆ ಹೋದರೆ, ವರ್ಷದೊಳಗೆ ತೀರಿಸಬೇಕಾದ ಸಾಲ ಶೇ. 41.2 ಎಂದಿದೆ. ಎರಡೂ ಸರಿಯೇ. ಆದರೆ ಎರಡೂ ಒಂದೇ ವಿಷಯ ಹೇಳುತ್ತಿಲ್ಲ. ಇಡೀ ಹಣಕಾಸು ವರ್ಷದ ರಫ್ತಿನ ಜತೆ ತಾಳೆ ಹಾಕಲು ಅನುಕೂಲ ಎಂದು ಇಲ್ಲಿ ಆ ಮಾರ್ಚ್ ತಿಂಗಳ ಲೆಕ್ಕವನ್ನೇ ಇಟ್ಟುಕೊಳ್ಳೋಣ.

ದಲಾಲಿ ಅಂಗಡಿಯ ಉದ್ರಿ, ಟ್ರ್ಯಾಕ್ಟರ್ ಕಂತು

ದಾವಣಗೆರೆ ಸುತ್ತಿನ ಒಬ್ಬ ಮೆಕ್ಕೆಜೋಳದ ರೈತರ ಸಾಲವನ್ನು ಊಹಿಸಿಕೊಳ್ಳಿ. ಜೂನ್‌ನಲ್ಲಿ ದಲಾಲಿ ಅಂಗಡಿಯಿಂದ ಬೀಜ, ಗೊಬ್ಬರ ಉದ್ರಿ ಬರುತ್ತದೆ. ನವೆಂಬರ್ ಹೊತ್ತಿಗೆ ಮಾಲು ಎಪಿಎಂಸಿ ಯಾರ್ಡಿಗೆ ಹೋಗುತ್ತದೆ. ತೂಕ ಆದ ಮೇಲೆ ಉದ್ರಿ ಮುರಿದುಕೊಂಡು ಉಳಿದ ದುಡ್ಡು ರೈತರ ಕೈಗೆ ಬರುತ್ತದೆ. ಇದು ಹುಟ್ಟುವಾಗಲೇ ಐದಾರು ತಿಂಗಳ ಸಾಲ.

ಅದೇ ರೈತರ ಹೆಸರಿನಲ್ಲಿ ಕೆಲವು ವರ್ಷದ ಹಿಂದಿನ ಟ್ರ್ಯಾಕ್ಟರ್ ಸಾಲವೂ ಇದೆ. ಕೊನೆಯ ಎರಡು ಕಂತು ಈ ವರ್ಷ ಕಟ್ಟಬೇಕು. ತೆಗೆದುಕೊಂಡಾಗ ಅದು ದೀರ್ಘಾವಧಿ ಸಾಲ. ಆದರೆ ಈ ನವೆಂಬರ್‌ನಲ್ಲಿ ಜೋಳ ಮಾರಿದ ದುಡ್ಡು ಉದ್ರಿಗೂ ಹೋಗಬೇಕು, ಕಂತಿಗೂ ಹೋಗಬೇಕು. ಕಂತು ಕೇಳಲು ಬಂದವರು ಸಾಲ ಎಷ್ಟು ಹಳೆಯದು ಎಂದು ನೋಡುವುದಿಲ್ಲ, ಅಲ್ವಾ?

ರಿಸರ್ವ್ ಬ್ಯಾಂಕಿನ ಎರಡು ಅಂಕಿಗಳ ವ್ಯತ್ಯಾಸ ಇಷ್ಟೇ. ಶೇ. 18.3 ಅನ್ನೋದು ಉದ್ರಿ ಮಾತ್ರ, ಅಂದರೆ ಒಂದು ವರ್ಷದ ಒಳಗಿನ ವಾಯಿದೆಗೆಂದೇ ತಂದ ಸಾಲ. ಅದು ಸುಮಾರು 135 ಬಿಲಿಯನ್ ಡಾಲರ್. ಶೇ. 41.2 ಅನ್ನೋದು ಉದ್ರಿ ಮತ್ತು ಈ ವರ್ಷದ ಕಂತು ಎರಡೂ ಸೇರಿದ್ದು, ಅಂದರೆ ಯಾವಾಗಲೇ ತಂದಿರಲಿ, ಮುಂದಿನ 12 ತಿಂಗಳಲ್ಲಿ ವಾಯಿದೆ ಮುಗಿಯುವ ಸಾಲವೆಲ್ಲ. ಅದು ಸುಮಾರು 303 ಬಿಲಿಯನ್. ದೇಶದ ಕೈ ಎಷ್ಟು ಬಿಗಿಯಾಗಿದೆ ಎಂದು ತಿಳಿಯಬೇಕಾದರೆ ಎರಡನೆಯದನ್ನೇ ನೋಡಬೇಕು. ಭಾಷಣಗಳಲ್ಲಿ ಮೊದಲನೆಯದು ಮಾತ್ರ ಬಂದರೆ ಅರ್ಧ ವಿಷಯ ಮುಚ್ಚಿಟ್ಟಂತೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಬೇಕು. ಈ ಸಾಲವೆಲ್ಲ ಸರ್ಕಾರದ್ದಲ್ಲ. ಸರ್ಕಾರದ ಪಾಲು ಶೇ. 22.9 ಮಾತ್ರ. ಎಲ್ಲಕ್ಕಿಂತ ದೊಡ್ಡ ಪಾಲು, ಶೇ. 35.5ರಷ್ಟು, ಖಾಸಗಿ ಮತ್ತು ಸರ್ಕಾರಿ ಕಂಪನಿಗಳದ್ದು. ಹೊರದೇಶದಲ್ಲಿರುವ ಮಗ ಊರಿನ ಬ್ಯಾಂಕಿನಲ್ಲಿ ಇಟ್ಟ ಎನ್‌ಆರ್‌ಐ ಠೇವಣಿಯೂ ಲೆಕ್ಕದಲ್ಲಿ ದೇಶದ ವಿದೇಶಿ ಸಾಲವೇ. ಅಂಥ ಠೇವಣಿ ಎಲ್ಲ ಸೇರಿ ಸುಮಾರು 165 ಬಿಲಿಯನ್ ಡಾಲರ್. ವರ್ಷದೊಳಗಿನ 303 ಬಿಲಿಯನ್‌ನಲ್ಲಿ ಇವುಗಳ ಪಾಲು ದೊಡ್ಡದಿದೆ. ಹುಟ್ಟುವ ಮಗುವಿನ ತಲೆಗೆ ಸಾಲ ಕಟ್ಟುವ ಲೆಕ್ಕ ಇದನ್ನೆಲ್ಲ ನೋಡುವುದೇ ಇಲ್ಲ.

ಮಿರ್ಚಿ ಬಾಣಲೆಯಿಂದ ಬಂದರಿನವರೆಗೆ

ಅಲ್ಪಾವಧಿ ಸಾಲದಲ್ಲಿ ದೊಡ್ಡದು ವ್ಯಾಪಾರದ ಸಾಲ. ಹೊರಗಿನಿಂದ ಮಾಲು ತರಿಸಿಕೊಂಡು, ದುಡ್ಡು ಆಮೇಲೆ ಕಟ್ಟುವುದು. ದೊಡ್ಡ ಮಟ್ಟದ ಉದ್ರಿ ಅನ್ನಿ.

ದಾವಣಗೆರೆಯಲ್ಲಿ ಸಂಜೆಯಾದರೆ ಮಂಡಕ್ಕಿ, ಮಿರ್ಚಿ ಅಂಗಡಿಗಳ ಮುಂದೆ ಜನ ಸೇರುತ್ತಾರೆ. ಬಾಣಲೆಯಲ್ಲಿ ಕುದಿಯುವ ಎಣ್ಣೆಯನ್ನೇ ನೋಡಿ. ಪಕ್ಕದ ಚಳ್ಳಕೆರೆ ಒಂದು ಕಾಲಕ್ಕೆ ಶೇಂಗಾ ಎಣ್ಣೆ ಮಿಲ್ಲುಗಳಿಗೆ ಹೆಸರಾದ ಊರು. ಈಗ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಪಾಮ್ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ, ಸೂರ್ಯಕಾಂತಿ ಎಣ್ಣೆ ರಷ್ಯಾ, ಉಕ್ರೇನ್ ಕಡೆಯಿಂದ.

ಒಬ್ಬ ಆಮದುದಾರ 10 ಲಕ್ಷ ಡಾಲರ್‌ನ ಎಣ್ಣೆ ತರಿಸಿದ ಎಂದುಕೊಳ್ಳಿ. ಹೊರದೇಶದ ಬ್ಯಾಂಕು ಮಾರಿದವನಿಗೆ ಆಗಲೇ ದುಡ್ಡು ಕೊಡುತ್ತದೆ. ನಮ್ಮ ಆಮದುದಾರ ಆ ಬ್ಯಾಂಕಿಗೆ ಕೆಲವು ತಿಂಗಳ ನಂತರ ಡಾಲರ್‌ನಲ್ಲಿ ಕಟ್ಟಬೇಕು. ಯಂತ್ರೋಪಕರಣ ಬಿಟ್ಟು ಬೇರೆ ಮಾಲಿಗೆ ಇಂಥ ಸಾಲವನ್ನು ಹೆಚ್ಚೆಂದರೆ ಒಂದು ವರ್ಷಕ್ಕೆ ಪಡೆಯಬಹುದು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಆರು ತಿಂಗಳಲ್ಲಿ ಎಣ್ಣೆ ಮಾರಾಟವಾಗುತ್ತದೆ, ದುಡ್ಡೂ ಬರುತ್ತದೆ. ಆದರೆ ರೂಪಾಯಿಯಲ್ಲಿ! ಮಾಲು ತರಿಸಿದಾಗ ಡಾಲರ್‌ಗೆ 86 ರೂಪಾಯಿ ಇತ್ತು ಅನ್ನಿ. ಲೆಕ್ಕ 8 ಕೋಟಿ 60 ಲಕ್ಷ. ವಾಯಿದೆ ದಿನ 90 ಆದರೆ 9 ಕೋಟಿ ಕಟ್ಟಬೇಕು. ಎಣ್ಣೆ ಅದೇ, ಸಾಲ ಅದೇ, 40 ಲಕ್ಷ ಜಾಸ್ತಿ. ಡಾಲರ್ ದರವನ್ನು ಬ್ಯಾಂಕಿನಲ್ಲಿ ಮೊದಲೇ ಗೊತ್ತುಮಾಡಿ ಇಟ್ಟುಕೊಂಡವರು ಬಚಾವು. ಅದಕ್ಕೂ ಖರ್ಚಿದೆ ಎಂದು ಬಿಟ್ಟವರು ಆ ಹೊರೆಯನ್ನು ಎಣ್ಣೆ ಬೆಲೆಗೆ ಸೇರಿಸುತ್ತಾರೆ, ಇಲ್ಲವೇ ತಾವೇ ನುಂಗುತ್ತಾರೆ.

ಒಬ್ಬ ಆಮದುದಾರನಿಗೆ ಹೀಗಾದರೆ ಅದು ಅವನ ವ್ಯಾಪಾರದ ಕಷ್ಟ. ಸಾವಿರಾರು ಜನ ಒಂದೇ ವಾರ ಡಾಲರ್‌ಗೆ ಮುಗಿಬಿದ್ದರೆ ಡಾಲರ್ ಬೆಲೆ ಇನ್ನೂ ಏರುತ್ತದೆ. ಅಲ್ಲಿಂದ ಅದು ದೇಶದ ಕಷ್ಟ.

ರಫ್ತಿನ ಜತೆಗೇ ಯಾಕೆ ಹೋಲಿಸಬೇಕು?

ಸಾಲ ಜಿಡಿಪಿಯ ಶೇ. 19.1 ಮಾತ್ರ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಲೆಕ್ಕ ತಪ್ಪಲ್ಲ. ಆದರೆ ಜಿಡಿಪಿ ರೂಪಾಯಿಯ ದುಡಿಮೆ. ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲ್ ದಿನಾ ತುಂಬಿರಬಹುದು, ಅದರಿಂದ ಜಿಡಿಪಿ ಬೆಳೆಯುತ್ತದೆ. ಆ ರೂಪಾಯಿ ಮಲೇಷ್ಯಾದ ಬ್ಯಾಂಕಿಗೆ ಬೇಡ. ಡಾಲರ್ ಸಾಲ ತೀರಿಸಲು ಡಾಲರೇ ಬೇಕು. ಡಾಲರ್ ದುಡಿಯುವ ಮುಖ್ಯ ದಾರಿ ರಫ್ತು. ಹಾಗಾಗಿ ವರ್ಷದೊಳಗಿನ ಸಾಲವನ್ನು ರಫ್ತಿನ ಪಕ್ಕ ಇಟ್ಟು ನೋಡುವುದು ಹೆಚ್ಚು ಪ್ರಾಮಾಣಿಕ.

2024-25ರಲ್ಲಿ ಸರಕು ರಫ್ತು ಸುಮಾರು 437 ಬಿಲಿಯನ್ ಡಾಲರ್. ಸಾಫ್ಟ್‌ವೇರ್ ಮೊದಲಾದ ಸೇವೆಗಳ ರಫ್ತು ಸುಮಾರು 388 ಬಿಲಿಯನ್. ಒಟ್ಟು 825. ಬರೀ ಉದ್ರಿ ಲೆಕ್ಕ ಹಿಡಿದರೆ ಅಲ್ಪಾವಧಿ ಸಾಲ ಇದರ ಶೇ. 16, ಅಂದರೆ ಎರಡು ತಿಂಗಳ ರಫ್ತು ಗಳಿಕೆ. ಕಂತೂ ಸೇರಿಸಿದರೆ ಶೇ. 37, ಅಂದರೆ ಹತ್ತಿರ ಹತ್ತಿರ ನಾಲ್ಕೂವರೆ ತಿಂಗಳ ಗಳಿಕೆ.

ನಾಲ್ಕೂವರೆ ತಿಂಗಳು ದುಡಿದರೆ ತೀರುತ್ತಲ್ಲ ಅನಿಸಬಹುದು. ಆದರೆ ಮನೆ ಖರ್ಚು? ಅದೇ ವರ್ಷ ಸರಕು ಮತ್ತು ಸೇವೆಗಳ ಆಮದಿಗೆ ಹೋದದ್ದು ಸುಮಾರು 915 ಬಿಲಿಯನ್. ರಫ್ತಿನಿಂದ ಬಂದದ್ದಕ್ಕಿಂತ ಜಾಸ್ತಿ. ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸಿದ ಸುಮಾರು 135 ಬಿಲಿಯನ್ ಈ ಕೊರತೆಯನ್ನು ಬಹುಪಾಲು ತುಂಬಿತು. ಬಡ್ಡಿ, ಲಾಭಾಂಶ ಅಂತ ಹೊರಗೆ ಹೋದದ್ದನ್ನೂ ಸೇರಿಸಿದರೆ ಕೊನೆಗೆ ಸುಮಾರು 23 ಬಿಲಿಯನ್ ಕೊರತೆಯೇ ಉಳಿಯಿತು. ಚಾಲ್ತಿ ಖಾತೆಯ ಕೊರತೆ ಎನ್ನುವುದು ಇದನ್ನೇ.

ಅಂದರೆ ದೇಶ ಉಳಿತಾಯದಿಂದ ಹಳೆ ಸಾಲ ತೀರಿಸುತ್ತಿಲ್ಲ. ರೈತರು ಬಡ್ಡಿ ಕಟ್ಟಿ ಬೆಳೆ ಸಾಲ ರಿನ್ಯೂವಲ್ ಮಾಡಿಸುವ ಹಾಗೆ, ದೇಶವೂ ವರ್ಷ ವರ್ಷ ರಿನ್ಯೂವಲ್ ಮಾಡಿಸುತ್ತಿದೆ. ಒಂದು ಸಾಲ ತೀರುತ್ತದೆ, ಇನ್ನೊಂದು ಬರುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಬಹಳ ದೇಶಗಳು ಹೀಗೇ ನಡೆಯುತ್ತವೆ. ಆದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಬೇಕು. ರಿನ್ಯೂವಲ್ ಮಾಡುವುದು ಸಾಲ ಕೊಟ್ಟವನ ಕೈಯಲ್ಲಿದೆ. ಅವನು ನೋಡುವುದು ಬೆಳೆ ಹೇಗಿದೆ ಎಂದು. ದೇಶದ ಬೆಳೆ ಅಂದರೆ ರಫ್ತು.

1991: ರಿನ್ಯೂವಲ್ ನಿಂತ ವರ್ಷ

ರಿನ್ಯೂವಲ್ ಆಗದಿದ್ದರೆ ಏನಾಗುತ್ತದೆ ಎಂಬುದನ್ನು ಭಾರತ ಒಮ್ಮೆ ನೋಡಿದೆ. 1990ರಲ್ಲಿ ಇರಾಕ್ ಕುವೈತ್ ಮೇಲೆ ನುಗ್ಗಿತು. ಪೆಟ್ರೋಲಿಯಂ ಬೆಲೆ ಏರಿತು. ಗಲ್ಫ್‌ನಿಂದ ಬರುತ್ತಿದ್ದ ದುಡ್ಡು ಕಡಿಮೆಯಾಯಿತು. ದೆಹಲಿಯಲ್ಲಿ ಸರ್ಕಾರಗಳು ಬೇಗ ಬೇಗ ಬದಲಾದವು. ಆಗ ದೇಶದ ಅಲ್ಪಾವಧಿ ಸಾಲ ಸುಮಾರು 8.5 ಬಿಲಿಯನ್ ಡಾಲರ್. ಸರಕು ರಫ್ತು ಸುಮಾರು 18 ಬಿಲಿಯನ್. ಹತ್ತಿರ ಹತ್ತಿರ ಅರ್ಧ. ಹೊರಗಿನಿಂದ ಬಂದ 100 ಡಾಲರ್‌ನಲ್ಲಿ 35 ಡಾಲರ್ ಅಸಲು, ಬಡ್ಡಿಗೇ ಹೋಗುತ್ತಿತ್ತು.

ಹೊರದೇಶದ ಬ್ಯಾಂಕುಗಳು ಅಲ್ಪಾವಧಿ ಸಾಲ ಮುಂದುವರಿಸಲು ಹಿಂದೇಟು ಹಾಕಿದವು. ಎನ್‌ಆರ್‌ಐಗಳು ಠೇವಣಿ ಹಿಂದೆ ಪಡೆದರು. 1991ರ ಬೇಸಿಗೆ ಹೊತ್ತಿಗೆ ಕೈಯಲ್ಲಿದ್ದ ಡಾಲರ್ ಎರಡು-ಮೂರು ವಾರದ ಆಮದಿಗೆ ಮಾತ್ರ ಸಾಲುತ್ತಿತ್ತು. ಮೇ ತಿಂಗಳಲ್ಲಿ 20 ಟನ್ ಬಂಗಾರ ಸ್ವಿಟ್ಜರ್‌ಲೆಂಡ್‌ಗೆ ಹೋಯಿತು. ಜುಲೈನಲ್ಲಿ ಸುಮಾರು 47 ಟನ್ ಬಂಗಾರವನ್ನು ಹಡಗಲ್ಲ, ವಿಮಾನದಲ್ಲೇ ಇಂಗ್ಲೆಂಡಿಗೆ ಕಳಿಸಿ ಅಡ ಇಟ್ಟರು. ಅದಕ್ಕೆ ಸಿಕ್ಕಿದ್ದು ಸುಮಾರು 40 ಕೋಟಿ ಡಾಲರ್. ಮನೆಯ ಬಂಗಾರ ಅಡ ಇಡುವ ಸಂಕಟ ಗೊತ್ತಿರುವ ಜನಕ್ಕೆ ಆ ಸುದ್ದಿ ಯಾಕೆ ಅಷ್ಟು ನೋಯಿಸಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಈಗ ಆ ಸ್ಥಿತಿ ಇಲ್ಲ. ಆಗ 35 ಡಾಲರ್ ಹೋಗುತ್ತಿದ್ದ ಕಡೆ 2024-25ರಲ್ಲಿ ಅಸಲು, ಬಡ್ಡಿಗೆ ಹೋದದ್ದು 6.6 ಡಾಲರ್. 1991ರ ಹೆಸರು ಹೇಳಿ ಈಗಲೂ ಹಾಗೇ ಆಗುತ್ತದೆ ಎನ್ನುವವರು ಈ ಅಂಕಿಗೆ ಉತ್ತರ ಕೊಡಬೇಕು.

2013ರ ಪಾಠ 1991ಕ್ಕಿಂತ ಹತ್ತಿರದ್ದು

ಹೋಲಿಸಬೇಕಾದ್ದು 2013ರ ಜತೆ. ಆ ವರ್ಷದ ಮಾರ್ಚ್ ಕೊನೆಗೆ ವರ್ಷದೊಳಗೆ ತೀರಿಸಬೇಕಾದ ಸಾಲ ಸುಮಾರು 172 ಬಿಲಿಯನ್ ಡಾಲರ್ ಇತ್ತು. ಸರಕು, ಸೇವೆ ಎರಡೂ ಸೇರಿ ರಫ್ತು ಸುಮಾರು 446 ಬಿಲಿಯನ್. ಭಾಗಿಸಿದರೆ ಶೇ. 38ರ ಮೇಲೆ ಬರುತ್ತದೆ. 2025ರಲ್ಲಿ ಶೇ. 37. ಹನ್ನೆರಡು ವರ್ಷದಲ್ಲಿ ಈ ಅನುಪಾತ ಹೆಚ್ಚುಕಮ್ಮಿ ಅಲ್ಲೇ ಇದೆ!

2013ರಲ್ಲಿ ಏನಾಯಿತು? ಅಮೆರಿಕದ ಕೇಂದ್ರ ಬ್ಯಾಂಕ್ ಮಾರುಕಟ್ಟೆಗೆ ಧಾರಾಳವಾಗಿ ದುಡ್ಡು ಹರಿಸುವ ತನ್ನ ನೀತಿಯನ್ನು ಬಿಗಿ ಮಾಡುವ ಸುಳಿವು ಮೇ ತಿಂಗಳಲ್ಲಿ ಕೊಟ್ಟಿತು. ಹೂಡಿಕೆದಾರರು ಭಾರತದಿಂದ ದುಡ್ಡು ತೆಗೆದರು. ಮೇ ಶುರುವಿನಲ್ಲಿ 54ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ಕ್ಕೆ 68 ದಾಟಿತು. ರಘುರಾಮ್ ರಾಜನ್ ರಿಸರ್ವ್ ಬ್ಯಾಂಕ್ ಗವರ್ನರ್ ಆದ ಮೇಲೆ ಎನ್‌ಆರ್‌ಐ ಡಾಲರ್ ಠೇವಣಿ ತರುವ ಬ್ಯಾಂಕುಗಳಿಗೆ ವಿಶೇಷ ಸೌಲಭ್ಯ ಕೊಟ್ಟು, ಎಲ್ಲ ಸೇರಿ ಸುಮಾರು 34 ಬಿಲಿಯನ್ ತರಿಸಿದರು. ಅದೂ ಸಾಲವೇ. ಹಳೆ ವಾಯಿದೆ ದಾಟಲು ಹೊಸ ಸಾಲ.

ಅನುಪಾತ ಒಂದೇ ಇದ್ದರೂ ಆಗ ನಡುಗಿದ ರೂಪಾಯಿ ಮಾರ್ಚ್ 2025ರಲ್ಲಿ ಯಾಕೆ ಅಷ್ಟು ನಡುಗಲಿಲ್ಲ? ಎರಡು ಕಾರಣ. 2012-13ರಲ್ಲಿ ಚಾಲ್ತಿ ಖಾತೆಯ ಕೊರತೆ ಸುಮಾರು 88 ಬಿಲಿಯನ್, ಜಿಡಿಪಿಯ ಶೇ. 4.8. 2024-25ರಲ್ಲಿ ಅದು ಶೇ. 0.6 ಮಾತ್ರ. ಎರಡನೆಯದು ಮೀಸಲು, ಅಂದರೆ ರಿಸರ್ವ್ ಬ್ಯಾಂಕ್ ಕೂಡಿಟ್ಟುಕೊಂಡ ಡಾಲರ್, ಬಂಗಾರ ಮುಂತಾದದ್ದು. ಆಗ ವರ್ಷದೊಳಗಿನ ಸಾಲ ವಿದೇಶಿ ವಿನಿಮಯ ಮೀಸಲಿನ ಶೇ. 59ರಷ್ಟಿತ್ತು. 2025ರ ಮಾರ್ಚ್ ಕೊನೆಗೆ ಮೀಸಲು 668 ಬಿಲಿಯನ್, ಸಾಲ ಅದರ ಶೇ. 45. ಮೀಸಲು ಕನಿಷ್ಠ ಒಂದು ವರ್ಷದ ವಾಯಿದೆಗಾದರೂ ಸಾಲಬೇಕು ಎಂಬ ಸೂತ್ರವನ್ನು ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ಪಾಬ್ಲೊ ಗಿಡೊಟ್ಟಿ 1999ರಲ್ಲಿ ಮುಂದಿಟ್ಟರು. ಅದರ ಪ್ರಕಾರ 2025ರ ಮಾರ್ಚ್‌ನಲ್ಲಿ ಭಾರತದ ಹತ್ತಿರ ಬೇಕಾದ್ದರ ಎರಡು ಪಟ್ಟು ಇತ್ತು.

ರಫ್ತು ಚೆನ್ನಾಗಿದ್ದರೆ ಸಾಕು, ಮೀಸಲು ಯಾಕೆ ಎನ್ನುವವರಿಗೆ ದಕ್ಷಿಣ ಕೊರಿಯಾ ಉತ್ತರ. 1997ರಲ್ಲಿ ಅದು ಜಗತ್ತಿಗೇ ಕಾರು, ಹಡಗು, ಚಿಪ್ ಮಾರುತ್ತಿತ್ತು. ಆದರೂ ಅಲ್ಪಾವಧಿ ಸಾಲ ಮೀಸಲನ್ನು ಮೀರಿದಾಗ ಬ್ಯಾಂಕುಗಳು ರಿನ್ಯೂವಲ್ ನಿಲ್ಲಿಸಿದವು. ಅಲ್ಲಿನ ಜನ ಮದುವೆ ಉಂಗುರ ಸಹಿತ ತಂದುಕೊಟ್ಟು ಇನ್ನೂರಕ್ಕೂ ಹೆಚ್ಚು ಟನ್ ಬಂಗಾರ ಕೂಡಿಸಿದರು.

ಗಾಬರಿ ಬೇಡ ಎನ್ನುವವರು, ಎಚ್ಚರ ಬೇಕು ಎನ್ನುವವರು

ಗಾಬರಿ ಬೇಡ ಎನ್ನುವವರ ವಾದ ಹೀಗಿದೆ. ವ್ಯಾಪಾರದ ಸಾಲ ಮಾಲು ಮಾರಿದ ಕೂಡಲೇ ತಾನೇ ತೀರುತ್ತದೆ. ಒಟ್ಟು ಸಾಲದಲ್ಲಿ ಶೇ. 31.1 ರೂಪಾಯಿಯಲ್ಲೇ ಇದೆ, ಡಾಲರ್ ಏರಿದರೂ ಅದು ಏರುವುದಿಲ್ಲ. ಎನ್‌ಆರ್‌ಐ ಠೇವಣಿ ವಾಯಿದೆ ಮುಗಿದರೂ ಹೆಚ್ಚಿನವರು ಮತ್ತೆ ಇಲ್ಲೇ ಇಡುತ್ತಾರೆ.

ಎಚ್ಚರ ಬೇಕು ಎನ್ನುವವರು ಬೆಳವಣಿಗೆಯ ವೇಗ ನೋಡಿ ಎನ್ನುತ್ತಾರೆ. 2024-25ರಲ್ಲಿ ಒಟ್ಟು ವಿದೇಶಿ ಸಾಲ ಸುಮಾರು ಶೇ. 10 ಬೆಳೆಯಿತು. ಒಟ್ಟು ರಫ್ತು ಬೆಳೆದದ್ದು ಸುಮಾರು ಶೇ. 6. ಅದರಲ್ಲೂ ಸರಕು ರಫ್ತು ಹಿಂದಿನ ವರ್ಷ ಎಲ್ಲಿತ್ತೋ ಅಲ್ಲೇ ನಿಂತಿತು. ಬೆಳೆದದ್ದೆಲ್ಲ ಸೇವೆಗಳಿಂದ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಿಂದ ಬೆಂಗಳೂರಿಗೆ ಹೋದ ಹುಡುಗ ಹುಡುಗಿಯರ ದುಡಿಮೆಯೂ ಅದರಲ್ಲಿದೆ. ಆದರೆ ಸಾಫ್ಟ್‌ವೇರ್ ಸೇವೆಗಳ ರಫ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೇಶಕ್ಕೆ, ಅಮೆರಿಕಕ್ಕೆ. ಅದೇ ಅಮೆರಿಕ 2025ರ ಆಗಸ್ಟ್ 27ರಿಂದ ಭಾರತದ ಅನೇಕ ಸರಕುಗಳ ಮೇಲೆ ಶೇ. 50 ಸುಂಕ ಹಾಕಿತು. ಇನ್ನು ಮೀಸಲು. ಅದರಲ್ಲಿ ಬಹಳಷ್ಟು ನಾವು ರಫ್ತು ಮಾಡಿ ಉಳಿಸಿದ್ದಲ್ಲ, ಹೊರಗಿನವರು ಇಲ್ಲಿ ಹೂಡಿದ ದುಡ್ಡು.

ಇವೆರಡರ ನಡುವೆ ಮೊದಲ ಗುಂಪಿನ ಒಂದು ವಾದ ಅಷ್ಟು ಗಟ್ಟಿಯಲ್ಲ. ವ್ಯಾಪಾರದ ಸಾಲ ತಾನೇ ತೀರುತ್ತದೆ ಎನ್ನುವುದು ಕಚ್ಚಾ ವಜ್ರ ತರಿಸಿ, ಕೆತ್ತಿ, ಹೊರಗೆ ಮಾರುವವರ ವಿಷಯದಲ್ಲಿ ನಿಜ. ಹೋದ ಡಾಲರ್ ಲಾಭದ ಸಮೇತ ವಾಪಸ್ ಬರುತ್ತದೆ. ಅಡುಗೆ ಎಣ್ಣೆ, ಗೊಬ್ಬರ ಹಾಗಲ್ಲ. ಮಿರ್ಚಿ ಕರಿದ ಎಣ್ಣೆ ಒಂದು ಡಾಲರನ್ನೂ ತರುವುದಿಲ್ಲ. ಅದರ ಸಾಲವನ್ನು ಬೇರೆ ಯಾರೋ ದುಡಿದ ಡಾಲರ್‌ನಿಂದ ತೀರಿಸಬೇಕು. ಈ ಎರಡು ಬಗೆಯ ವ್ಯಾಪಾರದ ಸಾಲವನ್ನು ಬೇರೆ ಬೇರೆ ಮಾಡಿ ತೋರಿಸಿದರೆ ಜನರಿಗೆ ತುಂಬಾ ತಿಳಿಯುತ್ತದೆ.

ಚಿತ್ರದುರ್ಗದ ಅದಿರು, ಈರುಳ್ಳಿ

ರಫ್ತು ಜಾಸ್ತಿ ಮಾಡಿ ಎನ್ನುವುದು ಸುಲಭ. ಅದು ಎಷ್ಟು ಕೈಗಳ ಮೇಲೆ ನಿಂತಿದೆ ಎಂದು ಚಿತ್ರದುರ್ಗದವರಿಗೆ ಗೊತ್ತು.

ಕಬ್ಬಿಣದ ಅದಿರಿನ ರಫ್ತನ್ನು ರಾಜ್ಯ ಸರ್ಕಾರ 2010ರ ಜುಲೈನಲ್ಲಿ ನಿಲ್ಲಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ತಡೆಯಿತು. ಬೆಟ್ಟಗಳನ್ನು ಅಷ್ಟು ಹಾಳು ಮಾಡಿದ್ದಕ್ಕೆ ಅದು ಬೇಕಾಗಿತ್ತು. ಡಾಲರ್ ಬರುತ್ತದೆಂದು ಎಲ್ಲವನ್ನೂ ಅಗೆಯಿರಿ ಎನ್ನಲಾಗುವುದಿಲ್ಲ. ಮುಂದೆ 2022ರ ಮೇ 20ರಂದು ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಅದಿರಿನ ರಫ್ತಿಗೆ ಕೋರ್ಟ್ ಒಪ್ಪಿಗೆ ಕೊಟ್ಟಿತು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದಿರಿನ ರಫ್ತಿಗೆ ಶೇ. 50 ಸುಂಕ ಜಾರಿಗೆ ತಂದಿತು. ದೇಶದೊಳಗೆ ಉಕ್ಕಿನ ಬೆಲೆ ಇಳಿಸಲು ತೆಗೆದುಕೊಂಡ ಆ ತೀರ್ಮಾನವನ್ನು ನವೆಂಬರ್‌ನಲ್ಲಿ ಸಡಿಲಿಸಬೇಕಾಯಿತು.

ಈರುಳ್ಳಿಯದೂ ಅದೇ ಕಥೆ. 2023ರ ಡಿಸೆಂಬರ್‌ನಲ್ಲಿ ರಫ್ತು ನಿಷೇಧ. 2024ರ ಮೇನಲ್ಲಿ ತೆರವು, ಆದರೆ ಶೇ. 40 ಸುಂಕ. ಪೂರ್ತಿ ಸುಂಕ ಹೋದದ್ದು 2025ರ ಏಪ್ರಿಲ್ 1ಕ್ಕೆ. ಪೇಟೆಯಲ್ಲಿ ಕೊಳ್ಳುವವರಿಗೆ ಬೆಲೆ ಇಳಿಯಬೇಕು ಎನ್ನುವುದೂ ನ್ಯಾಯವೇ. ಆದರೆ ಪ್ರತಿ ಸಲ ಬಾಗಿಲು ಹಾಕಿದಾಗ ಹೊರಗಿನ ಗಿರಾಕಿ ಬೇರೆ ದೇಶ ಹುಡುಕಿಕೊಳ್ಳುತ್ತಾನೆ.

ಕೊಳ್ಳುವ ದೇಶದ ಸಾಲವೂ ಇಲ್ಲಿಗೆ ಮುಟ್ಟುತ್ತದೆ. ನಮ್ಮ ಈರುಳ್ಳಿಗೆ ಶ್ರೀಲಂಕಾ ದೊಡ್ಡ ಗಿರಾಕಿಗಳಲ್ಲಿ ಒಂದು. ಪ್ರವಾಸಿಗರು ಬರುವುದು ನಿಂತು ಅದರ ಡಾಲರ್ ಗಳಿಕೆ ಕುಸಿಯಿತು, ವಾಯಿದೆಗಳು ಮಾತ್ರ ನಿಲ್ಲಲಿಲ್ಲ. 2022ರ ಏಪ್ರಿಲ್ 12ರಂದು ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸಿತು. ಮುಂದಿನ ತಿಂಗಳು ಅದರ ಕೈಯಲ್ಲಿ ಬಳಸಲು ಸಿಗುತ್ತಿದ್ದದ್ದು 5 ಕೋಟಿ ಡಾಲರ್‌ಗೂ ಕಡಿಮೆ. ಆ ವರ್ಷ ಆಹಾರದ ಕಂಟೇನರ್‌ಗಳು ಕೊಲಂಬೊ ಬಂದರಿನಲ್ಲಿ ಬಿಡಿಸಿಕೊಳ್ಳುವವರಿಲ್ಲದೆ ನಿಂತಿದ್ದವು. ಗಿರಾಕಿಗೆ ಹಸಿವಿದ್ದರೂ ಡಾಲರ್ ಇಲ್ಲದಿದ್ದರೆ ವ್ಯಾಪಾರ ಆಗುವುದಿಲ್ಲ.

ಬಿಸಿ ಮೊದಲು ತಟ್ಟುವುದು ಎಲ್ಲಿ?

ರಫ್ತು ಕುಗ್ಗಿ, ವಾಯಿದೆ ಸಾಲ ಏರುತ್ತಾ ಹೋದರೆ ಮೊದಲು ರೂಪಾಯಿ ಇಳಿಯುತ್ತದೆ. ಅಡುಗೆ ಎಣ್ಣೆಯಲ್ಲಿ ಇದು ಬೇಗ ಕಾಣುತ್ತದೆ. ಗೊಬ್ಬರದಲ್ಲಿ ಬೇಗ ಕಾಣುವುದಿಲ್ಲ, ಯಾಕೆಂದರೆ ಸಬ್ಸಿಡಿ ಅಡ್ಡ ನಿಂತಿದೆ. ಪೊಟ್ಯಾಷ್ ಪೂರ್ತಿ ಹೊರಗಿನದು. ಡಿಎಪಿ ಹೊರಗಿನದು, ಇಲ್ಲವೇ ಹೊರಗಿನ ಕಚ್ಚಾ ಮಾಲಿನಿಂದ ಆದದ್ದು. ಆದರೂ 50 ಕೆ.ಜಿ. ಡಿಎಪಿ ಚೀಲವನ್ನು ರೈತರಿಗೆ 1,350 ರೂಪಾಯಿಗೇ ಕೊಡುತ್ತಾ ಬಂದಿದ್ದಾರೆ. ಡಾಲರ್ ಏರಿದಷ್ಟೂ ಕೇಂದ್ರದ ಬಜೆಟ್ ಮೇಲೆ ಹೊರೆ. ಬೆಲೆ ಏರದಿದ್ದರೂ ಆಮದು ತಡವಾದರೆ ಚೀಲವೇ ಸಿಗುವುದಿಲ್ಲ. ಬಿತ್ತನೆ ಹೊತ್ತಿಗೆ ಗೊಬ್ಬರದ ಅಂಗಡಿ ಮುಂದೆ ಸಾಲು ನಿಲ್ಲುವುದು ಅಂದರೆ ಏನೆಂದು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ರೈತರಿಗೆ ಹೇಳಬೇಕಾಗಿಲ್ಲ.

ಆಮೇಲೆ ರಿಸರ್ವ್ ಬ್ಯಾಂಕ್ ಮೀಸಲಿನಿಂದ ಡಾಲರ್ ಮಾರಿ ರೂಪಾಯಿಯನ್ನು ಹಿಡಿಯಲು ನೋಡುತ್ತದೆ. ಹಾಗೆ ಮಾಡಿದಾಗ ಮಾರುಕಟ್ಟೆಯಿಂದ ರೂಪಾಯಿ ವಾಪಸ್ ಹೋಗುತ್ತದೆ. ಬೇರೆ ದಾರಿಯಿಂದ ಅದನ್ನು ತುಂಬದಿದ್ದರೆ ಬಡ್ಡಿ ಬಿಗಿಯಾಗುತ್ತದೆ. ಹೊರದೇಶದಿಂದ ಒಂದು ಪೈಸೆ ಸಾಲ ತರದ ಸಣ್ಣ ವ್ಯಾಪಾರಿಗೂ ಬ್ಯಾಂಕಿನ ಬಡ್ಡಿ ದುಬಾರಿಯಾಗುವುದು ಹೀಗೆ.

ಈ ಲೆಕ್ಕ ಮೂರು ತಿಂಗಳಿಗೊಮ್ಮೆ ಬರುತ್ತದೆ. ಮಾರ್ಚ್ ಮತ್ತು ಜೂನ್ ಕೊನೆಯದನ್ನು ರಿಸರ್ವ್ ಬ್ಯಾಂಕ್, ಸೆಪ್ಟೆಂಬರ್ ಮತ್ತು ಡಿಸೆಂಬರ್ ಕೊನೆಯದನ್ನು ಹಣಕಾಸು ಸಚಿವಾಲಯ ಕೊಡುತ್ತದೆ. ಮುಂದಿನ ಸಲ ಬಂದಾಗ ಒಟ್ಟು ಸಾಲದ ದೊಡ್ಡ ಅಂಕಿಯನ್ನು ದಾಟಿ, ವರ್ಷದೊಳಗೆ ವಾಯಿದೆ ಮುಗಿಯುವ ಸಾಲ ಎಷ್ಟು ಎಂದು ಹುಡುಕಿ. ಅದರ ಪಕ್ಕ ಆ ಹನ್ನೆರಡು ತಿಂಗಳ ಒಟ್ಟು ರಫ್ತನ್ನು ಇಡಿ. ಶೇ. 37 ಎನ್ನುವುದು 35ಕ್ಕೆ ಇಳಿದರೆ ಒಳ್ಳೆಯ ಸುದ್ದಿ. ಅದು 40 ದಾಟಿ, ಅದೇ ಹೊತ್ತಿಗೆ ಮೀಸಲೂ ಇಳಿಯುತ್ತಿದ್ದರೆ, ಆಗ ಸರ್ಕಾರ ಏನು ಹೇಳುತ್ತದೆ ಎಂದು ಗಮನ ಕೊಟ್ಟು ಕೇಳಬೇಕು.